ಪ್ರಶ್ನೋತ್ತರ: ಮೈಕಿನ ಮಾತು, ಕಡತದ ಮಾತು

ಪರಿಸರ ಆಲಿಕೆ ಸಭೆ, ಸದನಗಳ ಸಮಿತಿ, ಬೀದಿಯ ಜಾಥಾ ಇವುಗಳನ್ನು ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೆಲವರು ತಮ್ಮ ಹೆಸರು ಬೇಡವೆಂದು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮೂರಿನ ಪಕ್ಕದಲ್ಲಿ ಸುಣ್ಣದಕಲ್ಲಿನ ಗಣಿ ಬರಲಿದೆ. ಅದಕ್ಕಾಗಿ ಮುಂದಿನ ತಿಂಗಳು ಪರಿಸರ ಸಾರ್ವಜನಿಕ ಆಲಿಕೆ ಸಭೆ ನಡೆಯಲಿದೆಯೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ಪಂಚಾಯಿತಿಯಲ್ಲಿ ವಿಚಾರಿಸಿದಾಗ ತೆಳ್ಳಗಿನ ಒಂದು ಕನ್ನಡ ಪುಸ್ತಿಕೆ ಕೊಟ್ಟರು. ಸಭೆಯಲ್ಲಿ ನಾವು ಏನನ್ನು, ಎಷ್ಟು ಹೊತ್ತು ಮಾತಾಡಬಹುದು? (ಕೃಷಿಕರೊಬ್ಬರು, ಕಲಬುರಗಿ ಜಿಲ್ಲೆ)

ಉತ್ತರ: ನಿಮ್ಮ ಕೈಗೆ ಸಿಕ್ಕಿರುವುದು ಗಣಿಯಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಅಂದಾಜು ಮಾಡುವ ವರದಿಯ ಸಾರಾಂಶ ಮಾತ್ರ. ಪೂರ್ತಿ ವರದಿ ಬೇರೆಯೇ ಇರುತ್ತದೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ನೂರಾರು ಪುಟಗಳಲ್ಲಿ. ಕೇಂದ್ರ ಪರಿಸರ ಸಚಿವಾಲಯವು 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, ಆಲಿಕೆ ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಕರಡು ವರದಿಯು ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮೊದಲಾದ ಕಡೆಗಳಲ್ಲಿ, ಸಭೆ ಮುಗಿಯುವವರೆಗೆ, ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ನೋಡುವಂತೆ ಇರಬೇಕು. ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸವೆಂದರೆ ಊರಿನಲ್ಲಿ ಇಂಗ್ಲಿಷ್ ಓದಬಲ್ಲ ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು ಜಿಲ್ಲಾ ಪಂಚಾಯಿತಿಗೆ ಹೋಗಿ ಆ ದಪ್ಪ ವರದಿಯನ್ನು ಕೇಳಿ ತೆಗೆಸಿ ಕೂರುವುದು. ಅದು ಅಲ್ಲಿ ಇಲ್ಲವೆಂದಾದರೆ, ಇಲ್ಲವೆಂಬುದನ್ನೇ ಬರೆದು ಅದೇ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ಅದು ಬಲವಾದ ದಾಖಲೆಯಾಗುತ್ತದೆ.

ಇಡೀ ವರದಿಯನ್ನು ಓದಬೇಕಾಗಿಲ್ಲ. ನೀವು ದಿನವೂ ಕಾಣುವ ಸಂಗತಿಗಳ ಬಗ್ಗೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಹುಡುಕಿದರೆ ಸಾಕು: ಬಾವಿ ಮತ್ತು ಕೊಳವೆಬಾವಿಗಳ ಆಳ, ಹಳ್ಳದ ಹರಿವು, ಬೆಳೆ, ದನ ಮೇಯುವ ಜಾಗ, ಶಾಲೆ ಎಷ್ಟು ದೂರ, ಲಾರಿಗಳು ಯಾವ ದಾರಿಯಲ್ಲಿ ಓಡಾಡುತ್ತವೆ. ಹಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಸಭೆಯ ಚಿತ್ರ ಇನ್ನೂ ಕಣ್ಣ ಮುಂದಿದೆ. ಶಾಮಿಯಾನದ ಕೆಳಗೆ ಬೆಳಗಿನಿಂದ ಹತ್ತಾರು ಮಂದಿ ಮೈಕಿಗೆ ಬಂದು, ಭೂಮಿತಾಯಿ, ಮುಂದಿನ ಪೀಳಿಗೆ, ರೈತನ ಬೆನ್ನೆಲುಬು ಎಂದೆಲ್ಲ ಗಂಟಲು ಹರಿಯುವಂತೆ ಮಾತಾಡಿದರು; ವೇದಿಕೆಯ ಮೇಲಿದ್ದವರು ತಲೆಯಾಡಿಸುತ್ತ ಕೇಳಿದರು. ಆಮೇಲೆ ಒಬ್ಬ ಹೆಂಗಸು ಸೆರಗಿನ ಗಂಟಿನಿಂದ ಮಡಿಸಿದ ಚೀಟಿಯೊಂದನ್ನು ಬಿಚ್ಚಿ, ವರದಿಯ ಪುಟಸಂಖ್ಯೆಯನ್ನು ಹೇಳಿ, "ಈ ಪುಟದಲ್ಲಿ ನಮ್ಮ ಹಳ್ಳ ಮಳೆಗಾಲದಲ್ಲಿ ಮಾತ್ರ ಹರಿಯುತ್ತದೆ ಎಂದು ಬರೆದಿದ್ದೀರಿ. ನಾನು ಏಪ್ರಿಲ್‌ನಲ್ಲಿ ಅದೇ ಹಳ್ಳದಲ್ಲಿ ಬಟ್ಟೆ ಒಗೆಯುತ್ತೇನೆ. ನೀವು ಯಾವ ತಿಂಗಳಲ್ಲಿ ಬಂದು ನೋಡಿದಿರಿ?" ಎಂದು ಕೇಳಿದರು. ಕಂಪನಿಯ ಕಡೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ದಿನ ನಡಾವಳಿಯಲ್ಲಿ ಉತ್ತರ ಕೊಡಲೇಬೇಕಾದ ಪ್ರಶ್ನೆಯಾಗಿ ದಾಖಲಾದದ್ದು ಅದೊಂದೇ ಎಂದರೂ ನಡೆದೀತು.

ಮಾತಿನ ಅವಧಿಯ ಬಗ್ಗೆ ಅಧಿಸೂಚನೆಯಲ್ಲಿ ಮಿತಿಯೇನೂ ಇಲ್ಲ. ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಮಾಹಿತಿ ಅಥವಾ ವಿವರಣೆ ಕೇಳುವ ಅವಕಾಶ ಕೊಡಬೇಕು ಎಂದಷ್ಟೇ ಇದೆ. ಆದರೆ ಜನ ಹೆಚ್ಚಾದಾಗ ಅಧ್ಯಕ್ಷತೆ ವಹಿಸಿದ ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಳು ಎರಡು ಮೂರು ನಿಮಿಷಕ್ಕೆ ಕಟ್ಟು ಹಾಕುತ್ತಾರೆ, ಅದು ಅಸಹಜವೂ ಅಲ್ಲ. ಹಾಗಾಗಿ ಹೇಳಬೇಕಾದುದನ್ನೆಲ್ಲ ಕನ್ನಡದಲ್ಲೇ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಿ. ಮೈಕಿನಲ್ಲಿ ಅದರ ತಿರುಳನ್ನಷ್ಟೇ ಹೇಳಿ.

ಕೊನೆಯದಾಗಿ, ಬಹಳ ಜನ ತಪ್ಪುವುದು ಇಲ್ಲೇ: ಮಧ್ಯಾಹ್ನದ ಹೊತ್ತಿಗೆ ತಮ್ಮ ಮಾತು ಮುಗಿಯಿತೆಂದು ಎದ್ದು ಹೊರಟುಬಿಡಬೇಡಿ. ಸಭೆಯ ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಮತ್ತು ಅದೇ ದಿನ ಅದಕ್ಕೆ ಅಧ್ಯಕ್ಷರ ಸಹಿ ಬೀಳಬೇಕು ಎಂಬ ನಿಯಮವಿದೆ. ಇಡೀ ದಿನದ ಮಾತು ಆ ಒಂದು ಓದಿನಲ್ಲಿ ಉಳಿಯುತ್ತದೆ ಅಥವಾ ಅಳಿಯುತ್ತದೆ. ಆಗ ನಾಲ್ಕು ಜನರಾದರೂ ಅಲ್ಲಿ ಕುಳಿತಿದ್ದು, "ಹಳ್ಳದ ವಿಷಯ ಬಿಟ್ಟಿದ್ದೀರಿ, ಸೇರಿಸಿ" ಎಂದು ಹೇಳಬೇಕು. ಸಭೆಯ ವಿಡಿಯೊ ಚಿತ್ರೀಕರಣವೂ ಕಡ್ಡಾಯವಾದ್ದರಿಂದ ನೀವು ಹಾಗೆ ಹೇಳಿದ್ದೂ ದಾಖಲಾಗುತ್ತದೆ.

ಪ್ರಶ್ನೆ: ಇಂಥ ಸಭೆಗಳು ಬರೀ ನಾಟಕವೆಂಬುದು ನಮ್ಮ ಹೋರಾಟ ಸಮಿತಿಯ ಅಭಿಪ್ರಾಯ. ಸಭೆಯನ್ನು ಬಹಿಷ್ಕರಿಸಬೇಕೆಂದು ಕೆಲವರೂ, ಒಳಗೆ ನುಗ್ಗಿ ನಿಲ್ಲಿಸಬೇಕೆಂದು ಕೆಲವರೂ ಹೇಳುತ್ತಿದ್ದಾರೆ. ನೀವೇನೆನ್ನುತ್ತೀರಿ? (ಯುವಕರ ಒಂದು ಸಂಘ, ಉತ್ತರ ಕನ್ನಡ)

ಉತ್ತರ: ನಾಟಕವೆಂದು ಅನ್ನಿಸುವುದಕ್ಕೆ ಕಾರಣಗಳಿವೆ. ವರದಿ ತಯಾರಿಸುವ ಸಲಹಾ ಸಂಸ್ಥೆಗೆ ಹಣ ಕೊಡುವುದು ಯೋಜನೆಯ ಪ್ರವರ್ತಕರೇ. ಮುಂದಿನ ಸಾಲಿನ ಕುರ್ಚಿಗಳು ಎಷ್ಟೋ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಬಸ್ಸಿನಲ್ಲಿ ಬಂದವರಿಂದ ತುಂಬಿರುತ್ತವೆ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಬಹಿಷ್ಕಾರವು ಬಹುಪಾಲು ಸಂದರ್ಭಗಳಲ್ಲಿ ತಪ್ಪು ದಾರಿಯೆಂದೇ ನನ್ನ ಅಭಿಪ್ರಾಯ, ಈ ವಿಷಯದಲ್ಲಿ ನಮ್ಮ ಕಚೇರಿಯಲ್ಲೇ ನನ್ನೊಡನೆ ಜಗಳವಾಡುವ ಗೆಳೆಯರಿದ್ದರೂ.

ಕಾರಣ ಸರಳವಾಗಿದೆ. ಸಭೆ ಆರಂಭವಾಗಲು ಇಂತಿಷ್ಟು ಜನ ಇರಲೇಬೇಕೆಂಬ ಕೋರಂ ಇಲ್ಲವೆಂದು ಅಧಿಸೂಚನೆಯೇ ಹೇಳುತ್ತದೆ. ನೀವು ಹೊರಗೆ ಘೋಷಣೆ ಕೂಗುತ್ತಿರುವಾಗ ಒಳಗೆ ಇಪ್ಪತ್ತು ಮಂದಿ ಕುಳಿತು, "ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ, ಸಂತೋಷ" ಎಂದು ಹೇಳಿದರೆ ಸಭೆ ಶಾಸ್ತ್ರೋಕ್ತವಾಗಿ ಮುಗಿಯುತ್ತದೆ ಮತ್ತು ದೆಹಲಿ ಅಥವಾ ಬೆಂಗಳೂರಿನಲ್ಲಿ ಕುಳಿತ ತಜ್ಞರ ಸಮಿತಿಯ ಮೇಜಿಗೆ ಆ ಇಪ್ಪತ್ತು ಜನರ ಮಾತಷ್ಟೇ ಹೋಗುತ್ತದೆ.

ನುಗ್ಗಿ ನಿಲ್ಲಿಸುವುದು ಇನ್ನೂ ಅಪಾಯಕರ. ಸ್ಥಳೀಯ ಪರಿಸ್ಥಿತಿಯಿಂದಾಗಿ ಜನರು ಮುಕ್ತವಾಗಿ ಅಭಿಪ್ರಾಯ ಹೇಳುವಂತೆ ಸಭೆ ನಡೆಸುವುದು ಸಾಧ್ಯವಿಲ್ಲವೆಂದು ವರದಿ ಬಂದರೆ, ಆಲಿಕೆ ಸಭೆಯನ್ನೇ ಕೈಬಿಟ್ಟು ಮುಂದುವರಿಯಲು ಅನುಮತಿ ಕೊಡುವ ಪ್ರಾಧಿಕಾರಕ್ಕೆ ಅಧಿಸೂಚನೆಯಲ್ಲಿ ಅವಕಾಶವಿದೆ. ನೀವು ಮುರಿದ ಮೈಕು, ಎಸೆದ ಕುರ್ಚಿ ಅಂಥ ವರದಿಗೆ ಒದಗುವ ಸಾಕ್ಷ್ಯವಾಗಬಹುದು. ಗೇಟಿನ ಹೊರಗೆ ಸಾವಿರ ಜನ ಶಾಂತವಾಗಿ ಕುಳಿತಿರಲಿ, ಫಲಕ ಹಿಡಿದಿರಲಿ, ಹಾಡಲಿ. ಅದೇ ಹೊತ್ತಿನಲ್ಲಿ ಚೆನ್ನಾಗಿ ತಯಾರಾದ ಐವತ್ತು ಜನ ಒಳಗೆ ಹೋಗಿ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಲಿ. ಹೊರಗಿನ ಸಾವಿರದಿಂದ ಒಳಗಿನ ಐವತ್ತಕ್ಕೆ ಧೈರ್ಯ ಬರುತ್ತದೆ. ಒಳಗಿನ ಐವತ್ತರಿಂದ ಹೊರಗಿನ ಸಾವಿರದ ಮಾತು ಕಡತಕ್ಕೆ ಸೇರುತ್ತದೆ.

ಪ್ರಶ್ನೆ: ಆಲಿಕೆ ಸಭೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ವಿರೋಧಿಸಿದರೆ ಯೋಜನೆ ರದ್ದಾಗುತ್ತದೆಯೇ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ಆಗುವುದಿಲ್ಲ. ಅದು ಮತದಾನವಲ್ಲ. ಜನ ಎತ್ತಿದ ಪರಿಸರ ಸಂಬಂಧಿ ಆಕ್ಷೇಪಗಳಿಗೆ ಪ್ರವರ್ತಕರು ಉತ್ತರ ಕೊಟ್ಟು, ಕರಡು ವರದಿಯನ್ನು ಅದಕ್ಕೆ ತಕ್ಕಂತೆ ತಿದ್ದಿ, ಅಂತಿಮ ವರದಿ ಸಲ್ಲಿಸಬೇಕು. ತಜ್ಞರ ಸಮಿತಿ ಅದನ್ನು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಆದರೆ ಸಮಿತಿಯು ಆಕ್ಷೇಪಗಳನ್ನು ಕಣ್ಣಾಡಿಸಿ ಪಕ್ಕಕ್ಕಿಡುವಂತಿಲ್ಲ. ಗೋವಾದ ಗಣಿಯೊಂದಕ್ಕೆ ಸಂಬಂಧಿಸಿದ ಉತ್ಕರ್ಷ ಮಂಡಲ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪು ಇದನ್ನು ಖಚಿತಪಡಿಸಿದೆ: ಆಲಿಕೆಯಲ್ಲಿ ಬಂದ ಆಕ್ಷೇಪಗಳನ್ನು ಸಮಿತಿ ಪರಿಗಣಿಸಿತೆಂಬುದಕ್ಕೆ ಕಾರಣಸಹಿತವಾದ ದಾಖಲೆ ಇರಬೇಕು. ಆದ್ದರಿಂದ "ನಮಗೆ ಬೇಡ" ಎಂಬ ನೂರು ಸಹಿಗಳಿಗಿಂತ "ಈ ಕಾರಣಕ್ಕೆ ಬೇಡ" ಎಂಬ ಹತ್ತು ಪುಟಗಳಿಗೆ ಕಾನೂನಿನಲ್ಲಿ ತೂಕ ಹೆಚ್ಚು.

ಒಡಿಶಾದ ನಿಯಮಗಿರಿಯಲ್ಲಿ ಜನರೇ ಗಣಿಗಾರಿಕೆಯನ್ನು ನಿಲ್ಲಿಸಿದರಲ್ಲ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನಿಜ, ಆದರೆ ಅದು ಈ ಅಧಿಸೂಚನೆಯ ಅಡಿಯಲ್ಲಿ ನಡೆದ ಆಲಿಕೆ ಸಭೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಡೋಂಗ್ರಿಯಾ ಕೊಂಧ ಮೊದಲಾದ ಸಮುದಾಯಗಳ ಸಾಂಸ್ಕೃತಿಕ ಮತ್ತು ಧಾರ್ಮಿಕ ಹಕ್ಕುಗಳನ್ನು ಗ್ರಾಮಸಭೆಗಳೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಹೇಳಿತು. ಅದೇ ವರ್ಷ ಸೇರಿದ 12 ಗ್ರಾಮಸಭೆಗಳು ಒಂದೊಂದಾಗಿ ಗಣಿಯನ್ನು ತಿರಸ್ಕರಿಸಿದವು. 2014ರ ಜನವರಿಯಲ್ಲಿ ಸಚಿವಾಲಯ ಅನುಮತಿಯನ್ನು ನಿರಾಕರಿಸಿತು. ನಿಮ್ಮ ಭಾಗದಲ್ಲಿ ಅರಣ್ಯ ಹಕ್ಕಿನ ಪ್ರಶ್ನೆ ಇದ್ದರೆ ಗ್ರಾಮಸಭೆಯ ನಿರ್ಣಯವನ್ನು ಬೇರೆಯಾಗಿಯೇ ಮಾಡಿಸಿ, ಎರಡನ್ನೂ ಬೆರೆಸಬೇಡಿ.

ಅನುಮತಿ ಸಿಕ್ಕೇಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಗಡುವಿದೆ. ತಕ್ಕ ಕಾರಣ ತೋರಿಸಿದರೆ ಮತ್ತೆ 60 ದಿನ ಸಿಗಬಹುದು, ಅದಕ್ಕಿಂತ ಮುಂದೆ ಒಂದು ದಿನವೂ ಇಲ್ಲ. ಆಗ ನಿಮ್ಮ ವಕೀಲರು ಮೊದಲು ಕೇಳುವುದು ಆಲಿಕೆ ಸಭೆಯಲ್ಲಿ ನೀವು ಕೊಟ್ಟ ಮನವಿಯ ಪ್ರತಿಯನ್ನೇ.

ಪ್ರಶ್ನೆ: ಅಮೆರಿಕದ ಸೆನೆಟ್ ಸಮಿತಿಗಳು ಕಂಪನಿಗಳ ಮುಖ್ಯಸ್ಥರನ್ನೂ ವಿಜ್ಞಾನಿಗಳನ್ನೂ ಕೂರಿಸಿಕೊಂಡು ಪ್ರಶ್ನಿಸುವುದನ್ನು ಟಿ.ವಿ.ಯಲ್ಲಿ ನೋಡುತ್ತೇವೆ. ನಮ್ಮ ಸಂಸತ್ತಿನ ಸಮಿತಿಗಳಲ್ಲಿ ಹಾಗೇಕೆ ಕಾಣುವುದಿಲ್ಲ? ಸಾಮಾನ್ಯರು ಅಲ್ಲಿಗೆ ಹೋಗಿ ಮಾತಾಡಲು ದಾರಿಯಿದೆಯೇ? (ಕಾನೂನು ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಮ್ಮಲ್ಲಿಯೂ ಸಮಿತಿಗಳಿವೆ, ಸಾಕ್ಷ್ಯ ಕೇಳುವುದೂ ಇದೆ, ಬಾಗಿಲು ಮಾತ್ರ ಮುಚ್ಚಿರುತ್ತದೆ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಆರಂಭವಾದವು. ಈಗ 24 ಇವೆ, ಒಂದೊಂದರಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆಯ ವಿಷಯಗಳು ವಿಜ್ಞಾನ ಮತ್ತು ತಂತ್ರಜ್ಞಾನದ ಜೊತೆ ಸೇರಿ ಒಂದೇ ಸಮಿತಿಯ ಪಾಲಿಗೆ ಬಂದಿವೆ. ಕ್ಯಾಮೆರಾ ಇಲ್ಲದಿರುವುದರಿಂದ ಸದಸ್ಯರು ಪಕ್ಷದ ಗೆರೆ ದಾಟಿ ಮಾತಾಡುತ್ತಾರೆ, ಅಧಿಕಾರಿಗಳು ಸ್ವಲ್ಪ ಬಾಯಿ ಬಿಡುತ್ತಾರೆ ಎಂಬುದು ಈ ಪದ್ಧತಿಯ ಪರವಾಗಿ ಹೇಳುವ ಮಾತು. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಜನರ ಹೆಸರಿನಲ್ಲಿ ನಡೆಯುವ ವಿಚಾರಣೆ ಜನರಿಗೇ ಕಾಣದಿದ್ದರೆ, ಯಾರು ಯಾವ ಪ್ರಶ್ನೆಯನ್ನು ಕೇಳಲಿಲ್ಲ ಎಂಬುದು ಎಂದೂ ತಿಳಿಯುವುದಿಲ್ಲ. ತಜ್ಞರ ಸಾಕ್ಷ್ಯವನ್ನಾದರೂ ಬಹಿರಂಗವಾಗಿ ಕೇಳಿ, ಸದಸ್ಯರ ನಡುವಿನ ಚರ್ಚೆಯನ್ನು ಒಳಗಿಟ್ಟುಕೊಂಡರೆ ಇಬ್ಬರಿಗೂ ನಷ್ಟವಿಲ್ಲ ಎಂದು ನನಗನ್ನಿಸುತ್ತದೆ.

ಇನ್ನು ಸಾಮಾನ್ಯರ ದಾರಿ. ಮಸೂದೆಯೊಂದು ಸಮಿತಿಗೆ ಹೋದಾಗ ಸಲಹೆಗಳನ್ನು ಆಹ್ವಾನಿಸಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವುದು ವಾಡಿಕೆ, ಕಾಲಾವಕಾಶ ಹೆಚ್ಚೆಂದರೆ ಎರಡು ಮೂರು ವಾರ. ಮನವಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕೆಂದು ಆ ಪ್ರಕಟಣೆಗಳು ಸಾಮಾನ್ಯವಾಗಿ ಕೇಳುತ್ತವೆ. ಕನ್ನಡದಲ್ಲಿ ಯೋಚಿಸುವ ಒಬ್ಬ ರೈತನಿಗೆ ಅಲ್ಲಿಯೇ ಒಂದು ಬಾಗಿಲು ಮುಚ್ಚಿತು. ಸಮಿತಿಯ ಮುಂದೆ ಖುದ್ದಾಗಿ ಹಾಜರಾಗುವ ಇಚ್ಛೆಯಿದ್ದರೆ ಮನವಿಯಲ್ಲೇ ಅದನ್ನು ನಮೂದಿಸಿ; ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟದ್ದು. ಮತ್ತೊಂದು ಎಚ್ಚರಿಕೆ: ಸಮಿತಿಗೆ ಕೊಟ್ಟ ಮನವಿಯನ್ನು ಗೋಪ್ಯವೆಂದು ಪರಿಗಣಿಸುತ್ತಾರೆ. ಉತ್ಸಾಹದಲ್ಲಿ ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಹಕ್ಕುಚ್ಯುತಿಯ ಮಾತು ಬರಬಹುದು.

ಇಷ್ಟಾಗಿಯೂ ದೊಡ್ಡ ತೊಡಕು ಬೇರೆಯೇ ಇದೆ. ಮಸೂದೆಗಳು ಸಮಿತಿಯ ಬಾಗಿಲಿಗೆ ಹೋಗುವುದೇ ಕಡಿಮೆಯಾಗಿದೆ. ಸಂಸತ್ತಿನ ಕಲಾಪಗಳನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದ ಪ್ರಕಾರ 15ನೇ ಲೋಕಸಭೆಯ ಅವಧಿಯಲ್ಲಿ 71 ಶೇಕಡ ಮಸೂದೆಗಳು ಸಮಿತಿಗಳಿಗೆ ಹೋಗಿದ್ದರೆ, 17ನೇ ಲೋಕಸಭೆಯಲ್ಲಿ ಆ ಪ್ರಮಾಣ 16 ಶೇಕಡಕ್ಕೆ ಇಳಿಯಿತು. ಹೋದವುಗಳೂ ಯಾವ ಸಮಿತಿಗೆ ಹೋಗುತ್ತವೆ ಎಂಬುದು ಮುಖ್ಯ. ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆಯನ್ನು 2023ರ ಮಾರ್ಚ್ 29ರಂದು ಮಂಡಿಸಿದಾಗ, ಆ ವಿಷಯದ ಸ್ಥಾಯಿ ಸಮಿತಿಯನ್ನು ಬಿಟ್ಟು, ಅದಕ್ಕೆಂದೇ ರಚಿಸಿದ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಆ ಸಮಿತಿ ಜುಲೈ 20ರಂದು, ಮಸೂದೆಯಲ್ಲಿ ಒಂದು ಬದಲಾವಣೆಯನ್ನೂ ಸೂಚಿಸದೆ ವರದಿ ಕೊಟ್ಟಿತು. ಕೆಲವು ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು. ಜುಲೈ 26ಕ್ಕೆ ಲೋಕಸಭೆಯಲ್ಲೂ ಆಗಸ್ಟ್ 2ಕ್ಕೆ ರಾಜ್ಯಸಭೆಯಲ್ಲೂ ಮಸೂದೆ ಅಂಗೀಕಾರವಾಯಿತು.

ಅಮೆರಿಕದ ಬಹಿರಂಗ ವಿಚಾರಣೆಯನ್ನು ಬಹಳ ಹೊಗಳಬೇಕಾಗಿಯೂ ಇಲ್ಲ. 1988ರ ಜೂನ್ 23ರಂದು ನಾಸಾದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿಯ ಮುಂದೆ, ಭೂಮಿ ಬಿಸಿಯಾಗುತ್ತಿರುವುದು ಸಹಜ ಏರಿಳಿತವಲ್ಲವೆಂದು 99 ಶೇಕಡ ಖಚಿತವಾಗಿ ಹೇಳಬಹುದು ಎಂದರು. ಮರುದಿನದ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಹವಾಮಾನಕ್ಕಾಗಿ ದೊಡ್ಡ ಮೊತ್ತವನ್ನು ತೆಗೆದಿಡುವ ಶಾಸನ ಆ ದೇಶದಲ್ಲಿ ಬಂದದ್ದು 2022ರ ಆಗಸ್ಟ್‌ನಲ್ಲಿ, ಅಂದರೆ 34 ವರ್ಷಗಳ ನಂತರ.

ನಮ್ಮಲ್ಲಿ ಬಹಿರಂಗವಾಗಿ ಕೇಳಿ ತೀರ್ಮಾನಿಸಿದ ಉದಾಹರಣೆ ಇಲ್ಲದಿಲ್ಲ. ಕುಲಾಂತರಿ ತಳಿಯಾದ ಬಿಟಿ ಬದನೆಯ ವಾಣಿಜ್ಯ ಬೇಸಾಯಕ್ಕೆ ಅನುಮತಿ ಕೊಡಬೇಕೇ ಎಂಬ ಪ್ರಶ್ನೆ ಬಂದಾಗ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಜನವರಿ, ಫೆಬ್ರುವರಿಯಲ್ಲಿ ಏಳು ನಗರಗಳಲ್ಲಿ ಬಹಿರಂಗ ಸಮಾಲೋಚನೆ ನಡೆಸಿದರು. ಕೊನೆಯದು ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ಬೀಜ ಕಂಪನಿಯವರು ಒಂದೇ ಸಭಾಂಗಣದಲ್ಲಿ ಕಿರುಚಾಡಿಕೊಂಡರೆಂದು ಆಗ ಹಲವರು ಮೂಗು ಮುರಿದರು. ಮೂರು ದಿನ ಕಳೆದು, ಫೆಬ್ರುವರಿ 9ರಂದು, ಸಚಿವರು ಕಾರಣಗಳನ್ನು ಬರೆದು ತಡೆ ಘೋಷಿಸಿದರು. ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಇದೆ. ಯಾರ ಮಾತನ್ನು ಕೇಳಿ ಹಾಗೆ ತೀರ್ಮಾನಿಸಿದರು ಎಂಬುದರಲ್ಲಿ ಗೊಂದಲವಿಲ್ಲ.

ಪ್ರಶ್ನೆ: ಶಾಸಕರ ಸದನ ಸಮಿತಿಗಳಿಂದ ಏನಾದರೂ ಪ್ರಯೋಜನವಾಗಿದೆಯೇ? (ಗೃಹಿಣಿ, ಬೆಂಗಳೂರು)

ಉತ್ತರ: ಮಾಹಿತಿಯ ಮಟ್ಟಿಗೆ ಬಹಳ ಆಗಿದೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿ ಕುರಿತು ಎ. ಟಿ. ರಾಮಸ್ವಾಮಿ ನೇತೃತ್ವದ ಜಂಟಿ ಸದನ ಸಮಿತಿ ಕೊಟ್ಟ ವರದಿಗಳೂ, ಕೆರೆಗಳ ಒತ್ತುವರಿ ಕುರಿತು ಕೆ. ಬಿ. ಕೋಳಿವಾಡ ಸಮಿತಿ 2017ರಲ್ಲಿ ಕೊಟ್ಟ ವರದಿಯೂ ಇಂದಿಗೂ ಕೆರೆ ಹೋರಾಟಗಾರರ ಕೈಯಲ್ಲಿವೆ. ವರದಿ ಮಂಡನೆಯಾದ ಮೇಲೆ ಕ್ರಮ ಕೈಗೊಳ್ಳುವುದು ಸರ್ಕಾರದ ಕೆಲಸ, ಅಲ್ಲಿ ಬಂಡಿ ಹೂತುಕೊಳ್ಳುತ್ತದೆ.

ಪ್ರಶ್ನೆ: ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ವಿರುದ್ಧ ನಮ್ಮಲ್ಲಿ ಎಷ್ಟೋ ಪ್ರತಿಭಟನೆಗಳಾದವು. ಪರಿಸರವಾದಿಗಳು ಜನರ ಹೋರಾಟವೆಂದರೆ ಹಿಗ್ಗುತ್ತಾರೆ, ಇಂಥ ಹೋರಾಟ ಬಂದಾಗ ಮಾತ್ರ ಜನರಿಗೆ ತಿಳಿವಳಿಕೆ ಇಲ್ಲವೆನ್ನುತ್ತಾರೆ. ಇದು ನ್ಯಾಯವೇ? (ಕಾಫಿ ಬೆಳೆಗಾರರು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ನ್ಯಾಯವಲ್ಲ. ನಿಮ್ಮ ಪೆಟ್ಟು ನನಗೂ ತಗಲಿತೆಂದು ಒಪ್ಪಿಕೊಳ್ಳುತ್ತೇನೆ.

ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ 2013ರಲ್ಲಿ ವರದಿ ಕೊಟ್ಟವು. ಆಮೇಲೆ ಕೇಂದ್ರ ಸರ್ಕಾರ 2014ರ ಮಾರ್ಚ್‌ನಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಬಂದಿದೆ; 2024ರ ಜುಲೈ 31ರದ್ದು ಆರನೆಯದು. ಆರು ರಾಜ್ಯಗಳ 56,825 ಚದರ ಕಿಲೋಮೀಟರ್‌ಗೂ ಹೆಚ್ಚು ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ಆ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆ ಸಲ್ಲಿಸಲು 60 ದಿನ. ರಾಜ್ಯ ಸಚಿವ ಸಂಪುಟ ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು ತಿರಸ್ಕರಿಸಿತು.

ಕರಡಿನಲ್ಲಿ ನಿಷೇಧಿಸಲು ಹೊರಟಿರುವುದು ಗಣಿ, ಕಲ್ಲು ಮತ್ತು ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ ಇಂಥವನ್ನು. ಅಡಿಕೆ, ಕಾಫಿ, ಏಲಕ್ಕಿ ಬೆಳೆಯಬಾರದೆಂದು ಅದರಲ್ಲಿಲ್ಲ. ಹಾಗಿದ್ದರೂ "ದನದ ಕೊಟ್ಟಿಗೆ ಕಟ್ಟಲೂ ಬಿಡುವುದಿಲ್ಲವಂತೆ" ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಅದು ಹಬ್ಬಲು ಕಾರಣ ಜನರ ಅಜ್ಞಾನವೆಂದು ನಾನು ಹೇಳಲಾರೆ. ನಕ್ಷೆಯನ್ನು ಉಪಗ್ರಹದ ಚಿತ್ರದಿಂದ ಗುರುತಿಸಿ, ಹಳ್ಳಿಗಳ ಪಟ್ಟಿಯನ್ನು ದೂರದಿಂದ ಪ್ರಕಟಿಸಿ, ಹದಿನೈದು ಜನರನ್ನಾದರೂ ಕೂರಿಸಿಕೊಂಡು ಅರ್ಥ ಹೇಳುವವರು ಬಾರದಿದ್ದಾಗ, ಅರಣ್ಯ ಇಲಾಖೆಯೊಡನೆ ತಲೆಮಾರುಗಳಿಂದ ಜಗಳವಾಡಿ ಬಂದವರು ಕೆಟ್ಟದ್ದನ್ನೇ ಊಹಿಸುವುದು ಸಹಜ. ಮಾಹಿತಿಯ ಜಾಗದಲ್ಲಿ ವದಂತಿ ಬಂದು ಕೂತಿತು. ಗಣಿ ಮತ್ತು ರೆಸಾರ್ಟ್‌ನ ಹಿತಾಸಕ್ತಿಯವರು ಆ ವದಂತಿಗೆ ನೀರೆರೆದರು. ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದು ಗಾಡ್ಗೀಳ್ ಸಮಿತಿ ಹೇಳಿದ್ದನ್ನು ಸರ್ಕಾರಗಳು ಮೊದಲೇ ಪಕ್ಕಕ್ಕೆ ಸರಿಸಿದ್ದವು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಕರಡು ಬಂದಾಗ "ವರದಿ ಬೇಡ" ಎಂಬ ಒಂದು ಸಾಲಿನ ನಿರ್ಣಯದ ಬದಲು, ಯಾವ ಸರ್ವೆ ನಂಬರಿನ ತೋಟ ತಪ್ಪಾಗಿ ಅರಣ್ಯವೆಂದು ಸೇರಿದೆ, ಯಾವ ಕಲಮು ನಿಮ್ಮ ಬದುಕಿಗೆ ತೊಡಕಾಗುತ್ತದೆ, ಯಾವುದು ಒಪ್ಪಿಗೆ ಎಂದು ಬಿಡಿಬಿಡಿಯಾಗಿ ಬರೆದು 60 ದಿನದೊಳಗೆ ಕಳಿಸಿ. ಗುಡ್ಡ ಕುಸಿಯುವ ಜಾಗದಲ್ಲಿ ಕಲ್ಲುಕ್ವಾರಿ ಬೇಡವೆಂಬ ಮಾತನ್ನು ನೀವೂ ಒಪ್ಪುತ್ತೀರಿ ಎಂದು ನಿಮ್ಮ ಪತ್ರದ ಇನ್ನೊಂದು ಭಾಗದಿಂದ ತಿಳಿಯುತ್ತದೆ. ಅದನ್ನೂ ಬರೆಯಿರಿ.

ಪ್ರಶ್ನೆ: ಮರ ಕಡಿಯುವುದರ ವಿರುದ್ಧ ಜಾಥಾ ಮಾಡಲು ಪೊಲೀಸರು ಅನುಮತಿ ಕೊಡುತ್ತಿಲ್ಲ. ಮೆರವಣಿಗೆಗೆ ಅನುಮತಿ ಬೇಕೇಬೇಕೆ? (ಕಾಲೇಜು ವಿದ್ಯಾರ್ಥಿಗಳು)

ಉತ್ತರ: ನಿರಾಯುಧರಾಗಿ, ಶಾಂತಿಯುತವಾಗಿ ಸೇರುವುದು ಸಂವಿಧಾನದ 19(1)(ಬಿ) ವಿಧಿ ಕೊಟ್ಟ ಹಕ್ಕು. ಸಾರ್ವಜನಿಕ ಸುವ್ಯವಸ್ಥೆ ಮತ್ತು ದೇಶದ ಸಾರ್ವಭೌಮತೆ, ಅಖಂಡತೆಗಳ ಹಿತದೃಷ್ಟಿಯಿಂದ ಯುಕ್ತ ನಿರ್ಬಂಧ ಹಾಕಬಹುದೆಂದು 19(3) ಹೇಳುತ್ತದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಹಿಮ್ಮತ್ ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ, ಬೀದಿಯ ಸಭೆಗಳನ್ನು ನಿಯಂತ್ರಿಸಬಹುದು, ಆದರೆ ಅನುಮತಿಯ ಅಧಿಕಾರವನ್ನು ಗೊತ್ತುಗುರಿಯಿಲ್ಲದೆ ಅಧಿಕಾರಿಯ ಇಷ್ಟಕ್ಕೆ ಬಿಡುವಂತಿಲ್ಲ ಎಂದು ತೀರ್ಪು ಕೊಟ್ಟಿದೆ. ಹಾಗೆಯೇ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟವಾಗಿ ಆಕ್ರಮಿಸಿ ಕೂರುವಂತಿಲ್ಲವೆಂದು ದೆಹಲಿಯ ಶಾಹೀನ್ ಬಾಗ್ ಧರಣಿಯ ಕುರಿತು ಅದೇ ನ್ಯಾಯಾಲಯ 2020ರ ಅಕ್ಟೋಬರ್ 7ರಂದು ಕೊಟ್ಟ ತೀರ್ಪು ಹೇಳಿದೆ.

ನಿಮ್ಮ ಕಾಲೇಜು ಬೆಂಗಳೂರಿನಲ್ಲಿದ್ದರೆ ಪ್ರತಿಭಟನೆಯ ಜಾಗ ಫ್ರೀಡಂ ಪಾರ್ಕ್ ಮಾತ್ರ ಎಂಬ 2021ರ ಆದೇಶ ನಿಮಗೆ ಅನ್ವಯಿಸುತ್ತದೆ. ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗವದು. ಸಂಚಾರ ದಟ್ಟಣೆಯ ನೆಪ ಸುಳ್ಳಲ್ಲ. ಆದರೆ ಮರ ಇರುವುದು ಒಂದು ಕಡೆ, ಮರಕ್ಕಾಗಿ ಕೂಗುವುದು ಇನ್ನೊಂದು ಕಡೆ ಎಂದಾದಾಗ ಕೂಗಿನ ಅರ್ಧ ಅರ್ಥ ದಾರಿಯಲ್ಲೇ ಸೋರುತ್ತದೆ. ಬೇರೆ ಊರಾದರೆ ದಿನಾಂಕ, ದಾರಿ, ಅಂದಾಜು ಸಂಖ್ಯೆ, ಜವಾಬ್ದಾರರ ಹೆಸರು ನಮೂದಿಸಿ ಒಂದು ವಾರ ಮೊದಲೇ ಅರ್ಜಿ ಕೊಡಿ. ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ನಿಷೇಧಾಜ್ಞೆ ಇದೆಯೆಂದರೆ ಅದರ ಪ್ರತಿ ಕೇಳಿ. ಹಿಂದಿನ 144ನೇ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಾಗಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ಅಂಥ ಒಂದು ಆದೇಶ ಕಾನೂನುಬಾಹಿರವೆಂದು ರಾಜ್ಯ ಹೈಕೋರ್ಟ್ ಎರಡೇ ತಿಂಗಳಲ್ಲಿ ಹೇಳಿತ್ತು.

ಪ್ರಶ್ನೆ: ಬೀದಿಗಿಳಿದು ಗೆದ್ದ ಉದಾಹರಣೆ ನಿಜವಾಗಿ ಇದೆಯೇ, ಇಲ್ಲ ನ್ಯಾಯಾಲಯದಲ್ಲಿ ಗೆದ್ದುದನ್ನೇ ಬೀದಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆಯೇ? (ಓದುಗರೊಬ್ಬರು, ಧಾರವಾಡ)

ಉತ್ತರ: ಬೀದಿ ಮತ್ತು ನ್ಯಾಯಾಲಯವನ್ನು ಬೇರೆ ಮಾಡಿ ನೋಡುವುದೇ ಕಷ್ಟ ಎಂಬುದಕ್ಕೆ ನಿಮ್ಮ ಹಳೆಯ ಜಿಲ್ಲೆಯೇ ಸಾಕ್ಷಿ. 1984ರಲ್ಲಿ ರಾಜ್ಯ ಸರ್ಕಾರ ಖಾಸಗಿ ಕಾರ್ಖಾನೆಯೊಂದರ ಜೊತೆ ಸೇರಿ ಜಂಟಿ ಕಂಪನಿ ಸ್ಥಾಪಿಸಿ, ಸುಮಾರು 75,000 ಎಕರೆ ಸರ್ಕಾರಿ ಭೂಮಿಯನ್ನು ನೀಲಗಿರಿ ಬೆಳೆಸಲು ಕೊಡಹೊರಟಿತು. ಅದು ಹಳ್ಳಿಯವರು ದನ ಮೇಯಿಸುವ, ಸೌದೆ ತರುವ ಭೂಮಿ. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆಯಾಜ್ಞೆಯೂ ಬಂತು. ಅದಾದ ಮೇಲೂ ಜನ ಮನೆಯಲ್ಲಿ ಕೂರಲಿಲ್ಲ. ಆ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಗುಂಡಿಗಳಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಟ್ಟರು. ಕಿತ್ತುಹಾಕುವುದರ ಜೊತೆಗೇ ನೆಡುವುದೂ ಇದ್ದದ್ದರಿಂದ, ಆಸ್ತಿ ನಾಶ ಮಾಡಿದರೆಂಬ ಆಪಾದನೆಗಿಂತ ಅವರ ಬೇಡಿಕೆಯೇ ಎದ್ದು ಕಂಡಿತು. ಕಂಪನಿಯನ್ನು 1991ರಲ್ಲಿ ಮುಚ್ಚಿದರು.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ಇತ್ತೀಚಿನದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಕಡಿಯಬೇಕಾದ ಮರಗಳು 812. ಇಷ್ಟು ದೊಡ್ಡ ಯೋಜನೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಇ-ಮೇಲ್‌ನಲ್ಲಿ ಕೇಳಿದ ಅಭಿಪ್ರಾಯಕ್ಕೆ ಬಂದವು ಸುಮಾರು 300 ಪತ್ರಗಳು, ಅವುಗಳಲ್ಲಿ ಬಹುಪಾಲು ಯೋಜನೆಯ ಪರ. ಒಂದು ಕೋಟಿಗೆ ಹತ್ತಿರದ ಜನಸಂಖ್ಯೆಯ ನಗರದ ಸಮಾಲೋಚನೆ ಅಷ್ಟಕ್ಕೆ ಮುಗಿದಿತ್ತು. 2016ರ ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ, ಮಕ್ಕಳು ಮುದುಕರು ಸಹಿತ, ಯೋಜನೆಯ ದಾರಿಯುದ್ದಕ್ಕೂ ಕೈಗೆ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ಅದೇ ತಿಂಗಳ ಕೊನೆಗೆ ಹಸಿರು ನ್ಯಾಯಮಂಡಳಿಯ ತಡೆ ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ನಡುವೆ ಚುನಾವಣೆ ಹತ್ತಿರವಾಗುತ್ತಿತ್ತು, ಭ್ರಷ್ಟಾಚಾರದ ಆರೋಪವೂ ಕೇಳಿಬಂದಿತ್ತು, ಆದ್ದರಿಂದ ಗೆಲುವನ್ನು ಯಾರೊಬ್ಬರ ಖಾತೆಗೂ ಪೂರ್ತಿ ಬರೆಯಲಾಗದು. ಆದರೆ ಆ ಭಾನುವಾರ ಇಲ್ಲದಿದ್ದರೆ ಸರ್ಕಾರದ ಕಡತದಲ್ಲಿ ನಗರದ ಅಭಿಪ್ರಾಯವೆಂದು ಉಳಿಯುತ್ತಿದ್ದದ್ದು ಆ 300 ಇ-ಮೇಲ್‌ಗಳು.

ಪ್ರಶ್ನೆ: ನನಗೆ 16 ವರ್ಷ. ಆಲಿಕೆ ಸಭೆಯಲ್ಲಿ ನಾನು ಮಾತಾಡಬಹುದೇ, ಅಥವಾ ಅಪ್ಪನೇ ಮಾತಾಡಬೇಕೆ?

ಉತ್ತರ: ನೀನೇ ಮಾತಾಡಬಹುದಮ್ಮಾ. ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಅವಕಾಶ ಎಂದು ಅಧಿಸೂಚನೆಯಲ್ಲಿದೆ, ವಯಸ್ಸಿನ ಮಾತಿಲ್ಲ. ಬಾಗಿಲಲ್ಲಿ ಹಾಜರಿ ಪುಸ್ತಕ ಇರುತ್ತದೆ, ಮೊದಲು ಅದರಲ್ಲಿ ಬರೆ. ಮೈಕು ಸಿಕ್ಕಿದಾಗ ಹೆಸರು, ಊರು ಹೇಳಿ ಶುರು ಮಾಡು, ಸ್ವಲ್ಪ ನಿಧಾನವಾಗಿ. ಮಂಡಳಿಯವರು ಕೈಯಲ್ಲಿ ಬರೆದುಕೊಳ್ಳುತ್ತಿರುತ್ತಾರೆ.